ಮರೆಮ್ಮನ ಮರಳು ಕಣಜಗಳು

ಕಂಗ್ಟಿಯ ಮರೆಮ್ಮ ನನ್ನ ತಾಯಿಯ ತಾಯಿ. ಕುರಿ ಕಾಯುವಾಕೆ. ಸಿಟ್ಟು ಆಕೆಗೆ ಮೂಗಿನ ತುದಿಯಲ್ಲೇ ಇತ್ತು ಎಂದು ಊರವರು ಈಗಲೂ ನಗುತ್ತಾರೆ. ಯಾಕಿರಬಾರದು? ನಿಜಾಮರ ಕಾಲದಲ್ಲಿ ಕಂದಾಯದ ಲೆಕ್ಕ ನೋಡಲು ಬರುವ ಗಿರ್ದಾವರನ ಡೇರೆಗೆ ಬಿಟ್ಟಿ ದುಡಿದಿದ್ದರೆ ಇವರಿಗೂ ಬರುತ್ತಿತ್ತು!

ಬೇಸಿಗೆಯಲ್ಲಿ ಉಣ್ಣೆ ಕತ್ತರಿಸಿದ ಮೇಲೆ ಆಕೆ ಕುರಿಗಳನ್ನು ಒಣಗಿದ ಹಳ್ಳದ ದಂಡೆಗೇ ಹೊಡೆದುಕೊಂಡು ಹೋಗುತ್ತಿದ್ದಳು. ಕತ್ತರಿ ತಾಗಿದ ಗಾಯದ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ, ಕುರಿ ಉಳಿಯುವುದಿಲ್ಲ. ಆ ದಂಡೆಯ ಮರಳಿನಲ್ಲಿ ಹಳದಿ ಪಟ್ಟೆಯ ಕಣಜಗಳಿದ್ದವು. ಹೆಣ್ಣು ಕಣಜ ನಾಯಿಯ ಹಾಗೆ ಮುಂಗಾಲಿನಿಂದ ಮರಳು ಹಿಂದಕ್ಕೆಸೆದು ಬಿಲ ತೋಡುತ್ತದೆ. ಬಿಲಕ್ಕೆ ಒಂದೇ ಮರಿ. ಅದು ಬೆಳೆಯುವ ತನಕ ದಿನಾ ನೊಣ ಹಿಡಿದು, ಕುಟುಕಿ, ಹೊಟ್ಟೆಗೆ ಅವಚಿಕೊಂಡು ತಂದು ಉಣಿಸುತ್ತದೆ. ಹೊರಡುವಾಗ ಪ್ರತಿಸಲ ಬಾಗಿಲಿಗೆ ಮರಳು ಮುಚ್ಚುತ್ತದೆ. ಇದನ್ನೆಲ್ಲ ಮರೆಮ್ಮ ಕೂತು ನೋಡಿ ಕಲಿತಿದ್ದಳು.

ಒಂದು ವರ್ಷ ಗಿರ್ದಾವರ ಅಲ್ಲೇ ಡೇರೆ ಹಾಕಿಸಿದ. ಕಣಜಗಳು ನೊಣ ಹಿಡಿಯಲು ಅವನ ಕುದುರೆಯ ಸುತ್ತ ಹಾರಾಡಿದವು. ಆ ಮಹಾಶಯ ಕುದುರೆಯನ್ನೇ ಕಚ್ಚುತ್ತಿವೆ ಅಂದುಕೊಂಡ! ಬಿಟ್ಟಿಗೆ ಹಿಡಿದಿದ್ದ ಮರೆಮ್ಮನ ಗಂಡ, ನನ್ನ ತಾತ ಶಿವರಾಯನಿಗೆ, ಕಣಜ ಇಳಿದಲ್ಲೆಲ್ಲ ಕುದಿಯುವ ನೀರು ಸುರಿ ಎಂದ. ತಾತ ಸುರಿದ.

ಮಧ್ಯಾಹ್ನದ ಹೊತ್ತಿಗೆ ಕುದುರೆಯ ಹೊಟ್ಟೆಯ ತುಂಬ ನೊಣ. ಗಿರ್ದಾವರ ಮರೆಮ್ಮನನ್ನು ಕರೆಸಿ ಕೈಗೆ ಬೇವಿನ ಟೊಂಗೆ ಕೊಡಿಸಿದ.

"ನೊಣ ಹೊಡಿ."

"ಆ ಕೆಲಸಕ್ಕ ಆಳು ಇದ್ದುವ್ರಿ ಸಾಹೇಬ್ರ. ಕೂಲಿ ಸೈತ ಕೇಳ್ತಿರಲಿಲ್ಲ. ನೀವೇ ಕುದಿನೀರು ಹಾಕ್ಸಿ ಕೊಂದೀರಿ. ಇನ್ನ ನೀವೇ ಬೀಸ್ಕೋರಿ!"

ಗಿರ್ದಾವರನ ಜವಾನ ಆಕೆಯನ್ನು ಹೊಡೆಯಲು ಕೈಯೆತ್ತಿದ. ತಾತ ಗಿರ್ದಾವರನ ಕಾಲಿಗೆ ಬಿದ್ದು ಆಕೆಯನ್ನು ಬಿಡಿಸಿಕೊಂಡ. ಟೊಂಗೆ ಆಕೆಯ ಕೈಯಲ್ಲೇ ಉಳಿಯಿತು.

"ಹೋಗ್ಲಿ ಬಿಡು, ಹುಳಾ ಅಲ್ಲೇನು," ಎಂದ ತಾತ.

ಮರೆಮ್ಮ ಅವನ ರಟ್ಟೆ ಹಿಡಿದು ಮರಳಿಗೆ ಎಳೆದೊಯ್ದಳು. ಬೆಳಿಗ್ಗೆ ಬೇಟೆಗೆ ಹೋಗಿ ಬದುಕಿದ್ದ ಒಂದು ಕಣಜ ನೊಣ ಅವಚಿಕೊಂಡು ಬಂದಿತ್ತು. ನೀರು ಕುಡಿದು ಗಟ್ಟಿಯಾದ ಮರಳನ್ನು ಕೆದರುತ್ತಿತ್ತು. ಹಾರುತ್ತಿತ್ತು, ಅಲ್ಲೇ ಇಳಿದು ಮತ್ತೆ ಕೆದರುತ್ತಿತ್ತು.

"ಕೂಸಿಗಿ ಉಣ್ಲಾಕ ತಂದದ. ಬಾಗಿಲ ಎಲ್ಲದ, ತೋರ್ಸು ಅದಕ್ಕ! ತೋರ್ಸು!"

ಆಕೆ ಟೊಂಗೆಯನ್ನು ತಾತನ ಎದೆಗೆ ಒತ್ತಿದಳು.

"ತಗೊ. ಇನ್ನ ಅದರ ಕೆಲಸ ನಿಂದೇ."

ಆ ಬೇಸಿಗೆಯಿಡೀ ತಾತ ಕುರಿಗಳ ನಡುವೆ ನಿಂತು ಟೊಂಗೆ ಬೀಸಿದ. ಆದರೂ ಐದು ಕುರಿಗಳಿಗೆ ಹುಳ ಬಿತ್ತು. ಐದೂ ಸತ್ತವು.