ಸೋದರಮಾವನ ಜಾಗ

ಖೋತ ಸರ್‌ಗೆ ಎಲ್ಲ ಬರುತ್ತದೆ, ‘ಆಗೂದಿಲ್ಲ’ ಅನ್ನಲು ಮಾತ್ರ ಬರುವುದಿಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಪ್ರೊಫೆಸರ್ ಮುರಗೆಪ್ಪ ಖೋತ ಎಂದರೆ ಕನ್ನಡ, ಮರಾಠಿ ಎರಡನ್ನೂ ಅರಳು ಹುರಿದಂತೆ ಮಾತಾಡುವ ಮನುಷ್ಯ. ಹೀಗಾಗಿ ನಿಪ್ಪಾಣಿಯಿಂದ ಅಥಣಿಯವರೆಗೆ ಯಾರ ಮನೆಯಲ್ಲಿ ಏನೇ ಇರಲಿ, ಮೊದಲ ಫೋನು ಅವರಿಗೇ. ಕಾಗವಾಡದಲ್ಲಿ ನಿವೃತ್ತಿ ಸಮಾರಂಭವೋ, ಸರ್ ನಿರೂಪಣೆ. ರಾಯಬಾಗದಲ್ಲಿ ಶ್ರದ್ಧಾಂಜಲಿ ಸಭೆಯೋ, ಸರ್ ಎರಡು ಮಾತು. ಹೆಂಡತಿ ರೂಪಾಲಿ ಬೇಸತ್ತು, “ಊರಿಗೆ ಉಪಕಾರಿ, ಮನಿಗೆ ಮಾರಿ” ಅನ್ನುತ್ತಾಳೆ. ಸರ್ ನಗುತ್ತಾರೆ. ನಗುತ್ತಲೇ ಇನ್ನೊಂದು ಫೋನಿಗೆ “ಆತ್ರಿ, ಬರ್ತೀನ್ರಿ” ಅನ್ನುತ್ತಾರೆ.

ಮದುವೆಗಳಲ್ಲಂತೂ ಕೇಳಬೇಡಿ. ನಮ್ಮ ಸೀಮೆಯ ಮದುವೆಯಲ್ಲಿ ವರ ಇಲ್ಲದಿದ್ದರೂ ನಡೆದೀತು, ಮೈಕ್ ಇಲ್ಲದೆ ನಡೆಯದು. ಬಂದ ಪುಢಾರಿಗಳ ಹೆಸರನ್ನೆಲ್ಲ ಮೈಕಿನಲ್ಲಿ ಕೂಗಿ ಸ್ವಾಗತಿಸಬೇಕು. ಒಬ್ಬನ ಹೆಸರು ಬಿಟ್ಟುಹೋಯಿತೋ, ಅವನು ಊಟ ಮಾಡದೆ ಎದ್ದು ಹೋಗುತ್ತಾನೆ. ಬರದಿದ್ದವರಿಗಾಗಿ ‘ಸಾಹೇಬರು ಹೊರಟಾರಂತ, ಅಕ್ಷತೆ ಸ್ವಲ್ಪ ತಡೀರಿ’ ಎಂದು ಕಾಯಿಸಬೇಕು. ಹನ್ನೆರಡೂವರೆಯ ಮುಹೂರ್ತ ಎರಡಕ್ಕೆ ಬೀಳುತ್ತದೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹಾಗೆ ಕಾಯಿಸುವ ಮೈಕು ಹತ್ತರಲ್ಲಿ ಎಂಟು ಸಲ ಖೋತ ಸರ್ ಕೈಯಲ್ಲೇ ಇರುತ್ತಿತ್ತು.

ಫೆಬ್ರವರಿಯಲ್ಲಿ ಏಕಸಂಬಿಯಿಂದ ಅಕ್ಕ ಕಸ್ತೂರೆವ್ವ ಕಿರಿಯ ಮಗಳು ಕೋಮಲಳನ್ನು ಕರೆದುಕೊಂಡು ಬಂದಳು. ಮಾರ್ಚ್ ಎಂಟಕ್ಕೆ ನಿಪ್ಪಾಣಿಯ ಮಂಗಲ ಕಾರ್ಯಾಲಯದಲ್ಲಿ ಕೋಮಲಳ ಮದುವೆ. ತಂದೆ ತೀರಿಕೊಂಡ ಮೇಲೆ ಈ ಹುಡುಗಿ ಮಾವನ ಮನೆಯಲ್ಲೇ ಇದ್ದು ಪಿಯುಸಿ ಓದಿದವಳು. ಸ್ಕೂಟರ್ ಕಲಿಸಿದವರು ಇವರೇ, ಬಿದ್ದು ಮೊಣಕಾಲು ಒಡೆದುಕೊಂಡಾಗ ಅವಳಿಗಿಂತ ಜೋರಾಗಿ ಅತ್ತವರೂ ಇವರೇ. ಚಹಾ ಕುಡಿಯುತ್ತ ಕೋಮಲ ಅಂದಳು:

“ಮಾಮಾ, ನಿನಗ ಒಂದ ಮಾತ ಕೇಳ್ತೀನಿ. ನನ್ನ ಲಗ್ನದಾಗ ನೀ ಮೈಕ್ ಮುಟ್ಟಬ್ಯಾಡ. ನನ್ನ ಹಿಂದ ನಿಂದ್ರು.”

“ಅಷ್ಟ ಹೌದಲ್ಲ? ನಿಂದರತೀನಿ ಬಿಡ, ಹುಚ್ಚಿ.”

“ಅಕ್ಕನ ಲಗ್ನದಾಗೂ ಹಿಂಗ ಅಂದಿದ್ದಿ. ಫೋಟೋದಾಗ ಆಕಿ ಹಿಂದ ಯಾರ ನಿಂತಾರ ನೋಡೀಯೇನ? ಜಯಪಾಲ ಕಾಕಾ! ಬಾಜೂ ಮನಿಯಾಂವ!”

ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದುಕೊಂಡು. ದೊಡ್ಡವಳ ಮದುವೆಯಲ್ಲಿ ಸರ್ ಸ್ವಾಗತ ಮಾಡುತ್ತ ಮಾಡುತ್ತ ಮೈಮರೆತರು. ಮಂಗಲಾಷ್ಟಕ ಶುರುವಾಯಿತು, ಮನೆಯವರು ಕೈಗೆ ಸಿಕ್ಕ ಜಯಪಾಲನನ್ನು ತಂದು ನಿಲ್ಲಿಸಿದರು.

“ನಮ್ಮಪ್ಪಂತೂ ಇಲ್ಲ. ನೀನರ ಇರು,” ಅಂದಳು ಕೋಮಲ.

ಸರ್ ಅವಳ ತಲೆಯ ಮೇಲೆ ಕೈಯಿಟ್ಟರು. ಆ ಗಳಿಗೆಯಲ್ಲಿ ಕೊಟ್ಟ ಮಾತು ಖರೇನೇ ಇತ್ತು, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಆ ತಿಂಗಳು ಅವರನ್ನು ಗಾಣಕ್ಕೆ ಕೊಟ್ಟ ಕಬ್ಬಿನಂತೆ ಅರೆಯಿತು. ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಆಂತರಿಕ ಪರೀಕ್ಷೆಯ ಪೇಪರುಗಳು ಊಟದ ಟೇಬಲ್ಲಿನ ಮೇಲೆಯೇ ವಸತಿ ಹೂಡಿದವು. ಶೇಡಬಾಳದ ಬಸದಿಯವರು ಉಪನ್ಯಾಸಕ್ಕೆ ಕರೆದರು, ಹೋದರು. ಆದರೂ ಒಂದು ದಿನ ಮೀಟಿಂಗು ತಪ್ಪಿಸಿ ರೂಪಾಲಿಯನ್ನು ಕರೆದುಕೊಂಡು ನಿಪ್ಪಾಣಿಗೆ ಹೋಗಿ, ಸೋದರಮಾವ ಕೊಡಬೇಕಾದ ಹಳದಿ ಸೀರೆಯನ್ನು ತಾವೇ ಆರಿಸಿ ತಂದರು. ಅಂಗಡಿಯವನು ಸುಸ್ತಾಗುವಷ್ಟು ಸೀರೆ ಬಿಚ್ಚಿಸಿದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ.

ರಂಜಾನ್ ನಡೆದಿತ್ತು. ಮೈಕ್ ಸೆಟ್ಟಿನ ಇಬ್ರಾಹಿಮ ಇಫ್ತಾರಿಗೆ ಕರೆದಿದ್ದ. ಖರ್ಜೂರ ಕೈಗಿಡುತ್ತ ನಕ್ಕ: “ಸರ್, ಈ ಲಗ್ನದಾಗ ಮೈಕ್ ನಿಮ್ಮ ಕೈಯಾಗ ಕೊಡೂದಿಲ್ರಿ. ಕೋಮಲ ಆಣಿ ಹಾಕ್ಯಾಳ.”

ಬೀಗರು ಅಕ್ಕೋಳದವರು. ವರ ಅಮೋಲನ ತಂದೆ ಸಂಗ್ರಾಮ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಿಶ್ಚಯದ ದಿನವೇ ಅವರು ಮೀಸೆ ತೀಡಿ, “ಹನ್ನೆರಡೂವರಿ ಅಂದ್ರ ಹನ್ನೆರಡೂವರಿ ನೋಡ್ರಿ” ಅಂದಿದ್ದರು. ಕೂತವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಖೋತ ಸರ್.

ಇನ್ನೇನು ಮದುವೆಗೆ ನಾಲ್ಕು ದಿನ ಇದೆ ಅನ್ನುವಾಗ ಅಥಣಿಯಿಂದ ಹಳೆಯ ಗೆಳೆಯನೊಬ್ಬನ ಫೋನು. ಮಹಿಳಾ ದಿನಾಚರಣೆಗೆ ಬರಬೇಕಾದ ಅತಿಥಿ ಕೈಕೊಟ್ಟಿದ್ದಾರೆ, ನೀವೇ ಗತಿ. ಅದೂ ಮದುವೆಯ ದಿನವೇ, ಬೆಳಿಗ್ಗೆ ಒಂಬತ್ತಕ್ಕೆ. ಸರ್ ಬಾಯಿ ತೆರೆದರು. ‘ಆಗೂದಿಲ್ಲ’ ಬರಬೇಕಿತ್ತು, “ಆತ್ರಿ” ಬಂತು.

“ನಿಮ್ಗ ತಲಿ ಗಿಲಿ ಐತೇನ್ರಿ?” ರೂಪಾಲಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. “ಅಥಣಿ ಎಲ್ಲಿ, ನಿಪ್ಪಾಣಿ ಎಲ್ಲಿ!”

“ಒಂದರೊಳಗ ಕಾರ್ಯಾಲಯದಾಗ ಇರ್ತೀನಿ. ಅಕ್ಷತಿ ಎರಡರ ಮುಂದ ಯಾವಾಗರ ಬಿದ್ದೈತೇನ?”

ಇದೇ ಅವರ ಲೆಕ್ಕ. ಊರವರ ಮುಹೂರ್ತಗಳನ್ನೆಲ್ಲ ತಾವೇ ತಡಮಾಡಿ ತಡಮಾಡಿ, ಮುಹೂರ್ತ ಎಂದರೆ ತಡವಾಗಿಯೇ ಬರುವುದು ಎಂದು ನಂಬಿಬಿಟ್ಟಿದ್ದರು ಪುಣ್ಯಾತ್ಮ.

ಅಥಣಿಯ ಕಾರ್ಯಕ್ರಮ ಹತ್ತು ದಾಟಿದ ಮೇಲೆ ಶುರುವಾಯಿತು. ಸರ್ ಮಾತು ಮಾತ್ರ ಅದ್ಭುತ. “ಗಂಡ ಸತ್ತ ಹೆಣ್ಣುಮಗಳನ್ನು ಮಂಗಲಕಾರ್ಯದಲ್ಲಿ ಮೂಲೆಗೆ ಕೂಡಿಸುತ್ತೇವಲ್ಲ, ಹೆತ್ತವಳಿಗಿಂತ ದೊಡ್ಡ ಮಂಗಲ ಯಾವುದು?” ಎಂದು ಕೇಳಿದಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋಕ್ಕೆ ನಿಲ್ಲಿಸಿದರು. ಕಾರು ಹತ್ತುವಾಗ ಹನ್ನೊಂದಾಗಿತ್ತು.

ರಾಯಬಾಗ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಎರಡೆರಡು ಟ್ರೇಲರು. ಹಂಗಾಮಿನ ಕೊನೆಯ ಕಬ್ಬು, ಓಲಾಡುತ್ತ, ರಸ್ತೆಯನ್ನೆಲ್ಲ ತುಂಬಿಕೊಂಡು ಸಾಗಿತ್ತು. ಹಾರ್ನು ಹೊಡೆದರೆ ಟೇಪಿನ ಹಾಡಿಗೆ ಡ್ರೈವರನಿಗೆ ಕೇಳಲೂ ಇಲ್ಲ. ಆಗ ಫೋನು ಬಂತು.

“ಮಾಮಾ, ಎಲ್ಲದಿ?” ಕೋಮಲ.

“ಬಂದ್ನಿ ಅವ್ವಾ! ಚಿಕ್ಕೋಡಿ ದಾಟೀನಿ.”

ಚಿಕ್ಕೋಡಿ ಇನ್ನೂ ಕಾಣಿಸಿಯೂ ಇರಲಿಲ್ಲ. ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳು ಅದು. ಕೋಮಲ ಫೋನಿಟ್ಟಳು. ಖೋತ ಸರ್‌ಗೆ ತಮ್ಮ ಮೇಲೆ ತಮಗೇ ಸಿಟ್ಟು ಬಂದು ಸ್ಟೇರಿಂಗ್ ಗುದ್ದಿದರು.

ಚಿಕ್ಕೋಡಿ ದಾಟಿ ನಿಪ್ಪಾಣಿ ಸಮೀಪಿಸುವಾಗ ರೂಪಾಲಿಯ ಫೋನು: “ಸುಬೇದಾರ್ರು ಹತ್ತ ಮಿನಿಟ ತಡದ್ರು. ಇನ್ನ ಆಗೂದಿಲ್ಲ ಅಂದಾರ. ಜಯಪಾಲನ ಕರದ್ರ, ಹುಡುಗಿ ಆಂವ ಬ್ಯಾಡ ಅಂತ ಹಟಾ ಹಿಡದ ಕುಂತಾಳ. ನೀವು ಬಂದ್ರ ಬರ್ರಿ, ಇಲ್ಲಾಂದ್ರ ಬಿಡ್ರಿ!”

ನಿಪ್ಪಾಣಿಯ ಕಾರ್ಯಾಲಯದ ಮುಂದೆ ಕಾರು ಅಡ್ಡಾದಿಡ್ಡಿ ನಿಲ್ಲಿಸಿ ಓಡಿದರು. ಒಳಗಿನಿಂದ ಮಂಗಲಾಷ್ಟಕ ಕೇಳುತ್ತಿತ್ತು. ಜನ ಅಕ್ಷತೆ ತೂರುತ್ತಿದ್ದರು. ಬಾಗಿಲಲ್ಲಿ ಯಾರೋ ರೂಢಿಯಂತೆ, “ಸರ್ ಬಂದ್ರು, ಮೈಕ್ ಕೊಡ್ರಿ” ಅಂದರು. ಇಬ್ರಾಹಿಮ ಮೈಕನ್ನು ಎದೆಗವಚಿಕೊಂಡು ವೇದಿಕೆಯ ಕಡೆ ಕೈ ತೋರಿಸಿದ.

ಹಳದಿ ಸೀರೆಯ ಕೋಮಲಳ ಹಿಂದೆ ಕಸ್ತೂರೆವ್ವ ನಿಂತಿದ್ದಳು. ಬರೀ ಹಣೆ, ತಲೆತುಂಬ ಸೆರಗು, ಕೈಯಲ್ಲಿ ನಿಂಬೆಹಣ್ಣಿನ ಚೂರಿ. ದೊಡ್ಡ ಮಗಳ ಮದುವೆಯಲ್ಲಿ ಇದೇ ಕಸ್ತೂರೆವ್ವ ಅಡಿಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಆಗ ಸರ್ ಅದನ್ನು ಗಮನಿಸಿಯೂ ಇರಲಿಲ್ಲ. ಮುಂದಿನ ಸಾಲಿನ ಹೆಂಗಸರು ಗುಸುಗುಸು ಅನ್ನುತ್ತಿದ್ದರು. ಪಕ್ಕದಲ್ಲಿ ಸುಬೇದಾರರು ಕವಾಯತಿಗೆ ನಿಂತವರಂತೆ ಸೆಟೆದು ನಿಂತು, ಆ ಹೆಂಗಸರನ್ನು ಕಣ್ಣು ಬಿಟ್ಟು ನೋಡುತ್ತಿದ್ದರು.

ಸರ್ ಮೆಟ್ಟಿಲು ಹತ್ತಿ ಅಕ್ಕನ ಮುಂದೆ ಕೈಚಾಚಿದರು. “ಕೊಡ ಅಕ್ಕಾ.”

“ಇದನ್ನ ನಾನ ಹಿಡಿತೀನಿ,” ಅಂದಳು ಕಸ್ತೂರೆವ್ವ, ತಿರುಗಿ ನೋಡದೆ. “ನೀ ಬಾಜೂಕ ನಿಂದ್ರು.”

ನಿಂತರು. ಇನ್ನು ಒಂದೇ ಶ್ಲೋಕ ಉಳಿದಿತ್ತು. ಅದು ಮುಗಿಯುವವರೆಗೂ ಖೋತ ಸರ್ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

ಮಾಲೆ ಹಾಕಿದ ಮೇಲೆ ಕೋಮಲ ತಿರುಗಿದಳು.

“ತಪ್ಪಾತವ್ವಾ,” ಅಂದರು ಸರ್.

ಅವಳು ಅವರ ಹೆಗಲನ್ನು ನೋಡಿದಳು. ಅಥಣಿಯ ಶಾಲು ಅಲ್ಲೇ ಇತ್ತು, ತೆಗೆಯುವುದನ್ನೇ ಮರೆತಿದ್ದರು.

“ಚಲೋ ಐತಿ ಮಾಮಾ ಶಾಲು. ಏನ ಮಾತಾಡಿ ಬಂದಿ ಅಲ್ಲಿ?”

ಸರ್ ಆ ಶಾಲನ್ನು ತೆಗೆದು ಎಲ್ಲರೆದುರಿಗೇ ಅಕ್ಕನ ಹೆಗಲಿಗೆ ಹೊದಿಸಿದರು.

“ಸೆಕಿ ಆಗಾಕತ್ತೈತಿ, ತಗೀಲೇ ಮುರಗ್ಯಾ,” ಅಂದಳು ಕಸ್ತೂರೆವ್ವ.

ಅನ್ನುತ್ತಲೇ ಅದನ್ನು ಎದೆಯ ಮೇಲೆ ಎಳೆದುಕೊಂಡಳು. ಫೋಟೋದವನು ಎಲ್ಲರೂ ಇತ್ತ ನೋಡ್ರಿ ಅಂದಾಗ, ಚೂರಿ ಹಿಡಿದ ಕೈಯನ್ನು ಇನ್ನಷ್ಟು ಮೇಲೆತ್ತಿ ನೋಡಿದಳು.