ಗೋದತ್ತಿಯ ಧಾಬಳಿ ಮತ್ತು ನನ್ನ ನುಸಿಬೇಟೆ

ಶಾಲೆಯಲ್ಲಿ ಜೀವಮಾನವೆಲ್ಲ ವಿಜ್ಞಾನ ಕಲಿಸಿದವನು ನಾನು. ತತ್ತಿ, ಮರಿಹುಳ, ಕೋಶ, ಪತಂಗ ಎಂದು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ನಾನು ತೆಗೆಯುತ್ತಿದ್ದ ಚಿತ್ರವನ್ನು ಇನ್ಸ್‌ಪೆಕ್ಟರ್ ಸಾಹೇಬರು ಕೂಡ ಒಮ್ಮೆ ನಿಂತು ನೋಡಿದ್ದುಂಟು. ಅಂಥ ನಾನು ನಮ್ಮ ಮನೆಯ ನುಸಿಯ ಮುಂದೆ ಸಾಫ್ ನಾಪಾಸಾದೆ. ಇಷ್ಟು ದಿನ ಈ ಸಂಗತಿಯನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಬಡ್ತಿ ತಪ್ಪುವ ಅಂಜಿಕೆ ಇಲ್ಲ. ಅದಕ್ಕೆ ಹೇಳುತ್ತೇನೆ.

ನುಸಿ ಎಂದರೆ ಜೋಳದ ನುಸಿಯಲ್ಲ, ಬಟ್ಟೆಯ ನುಸಿ. ಗೋಧಿಹೊಟ್ಟಿನ ಬಣ್ಣದ, ಅಕ್ಕಿಕಾಳಿನಷ್ಟು ಉದ್ದದ ಬಡಪಾಯಿ ಪತಂಗ. ಬೇರೆ ಹುಳಗಳ ಹಾಗೆ ದೀಪಕ್ಕೆ ಮುತ್ತುವುದಿಲ್ಲ. ಊಟದ ಹೊತ್ತು ಮೀರಿ ಬಂದ ಬೀಗರ ಹಾಗೆ ಗೋಡೆಗುಂಟ ಸಂಕೋಚದಿಂದ ಹಾರುತ್ತದೆ. ಆ ವರ್ಷ ಶ್ರಾವಣದಲ್ಲಿ ರಬಕವಿಯ ನಮ್ಮ ಮನೆಯೊಳಗೆ ಇಂಥ ಬೀಗರು ದಿನಕ್ಕೆ ಹತ್ತಿಪ್ಪತ್ತು ಮಂದಿ ಬರತೊಡಗಿದರು.

ನಾನು ಯುದ್ಧ ಸಾರಿದೆ. ದಿನಾ ಸಂಜೆ ಶಾಲೆ ಬಿಟ್ಟು ಬಂದು, ಚಹಾ ಕುಡಿದು, ಪಡಸಾಲೆಯಿಂದ ದೇವರ ಮನೆಯ ಬಾಗಿಲವರೆಗೆ ಎರಡೂ ಕೈ ಚಾಚಿ ಚಪ್ಪಾಳೆ ತಟ್ಟುತ್ತ ಓಡಾಡುವುದು ನನ್ನ ಕಾರ್ಯಕ್ರಮವಾಯಿತು. ಹತ್ತು ಚಪ್ಪಾಳೆಗೆ ಒಂದು ನುಸಿ ಬಿದ್ದರೆ ಪುಣ್ಯ. ಕೈಮಗ್ಗಗಳು ಹೋಗಿ ಪಾವರ್‌ಲೂಮ್ ಬರುತ್ತಿದ್ದ ಕಾಲ ಅದು. ಗೋಡೆಯಾಚೆಯ ನೇಕಾರ ಮಲ್ಲಪ್ಪನ ಹೊಸ ಮಗ್ಗದ ಖಟಖಟದ ನಡುವೆಯೂ ನನ್ನ ಚಪ್ಪಾಳೆ ಅವನಿಗೆ ಕೇಳಿಸುತ್ತಿತ್ತಂತೆ. ಒಂದು ದಿನ ಕಟ್ಟೆಯ ಮೇಲೆ ಸಿಕ್ಕವನು, "ಮಾಸ್ತರ, ದಿನಾ ಸಂಜಿಗೆ ಭಜನಿ ಚಾಲೂ ಮಾಡೀರೇನ್ರಿ? ತಾಳ ಬರೋಬ್ಬರಿ ಬೀಳವಲ್ದು ನೋಡ್ರಿ," ಎಂದ.

ತಾಳ ತಪ್ಪಿದ್ದು ಬೇರೆ ಕಡೆಗೆ. ಹಾರಾಡುವ ಈ ಪತಂಗಕ್ಕೆ ತಿನ್ನುವ ಬಾಯೇ ಇರುವುದಿಲ್ಲ. ಬಟ್ಟೆ ತಿನ್ನುವುದೆಲ್ಲ ಅದರ ಮರಿಹುಳ. ಇದನ್ನು ವರ್ಷಕ್ಕೊಮ್ಮೆ ಹುಡುಗರಿಗೆ ಬಾಯಿಪಾಠ ಮಾಡಿಸಿದವನು ನಾನೇ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುತ್ತಾರಲ್ಲ, ಹಾಗಾಯಿತು. ಎರಡನೆಯ ಇಯತ್ತೆ ದಾಟಿರದ ನನ್ನ ಹೆಂಡತಿ ಸುಮಿತ್ರಾ ಒಲೆಯ ಮುಂದೆ ಕೂತೇ ಕೇಳಿದಳು: "ಹಾರೋವು ಇಲ್ಲೆ ಅವ, ಖರೆ. ಹುಟ್ಟೋವು ಎಲ್ಲಿ ಅವ ಅನ್ನೂದರ ನೋಡಬಾರದೇನ್ರಿ?"

ಹುಟ್ಟುವ ಜಾಗ ಹುಡುಕಲು ಕಷ್ಟವೇನಿರಲಿಲ್ಲ. ನಮ್ಮೂರೇ ನೂಲಿನ ಊರು. ನಮ್ಮ ಮನೆಯಲ್ಲಿ ಪಂಚೆ, ಸೀರೆ, ಕೌದಿ ಎಲ್ಲವೂ ನೂಲಿನವೇ. ನುಸಿಗೆ ನೂಲು ಸೇರುವುದಿಲ್ಲ, ಉಣ್ಣೆ ಬೇಕು. ಮನೆಗೆಲ್ಲ ಉಣ್ಣೆಯದು ಒಂದೇ ವಸ್ತು, ಗೋದತ್ತಿಯ ಧಾಬಳಿ.

ಗೋದತ್ತಿ ನನ್ನ ಸೋದರತ್ತೆ. ಮದುವೆಯಾದ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನನ್ನನ್ನು ಎತ್ತಿ ಆಡಿಸಿದವಳು. ಧಾಬಳಿ ಅವಳ ತಾಯಿ ಕೊಟ್ಟದ್ದು, ಮಡಿಯಲ್ಲಿ ಉಡುವ ಉಣ್ಣೆಯ ಬಟ್ಟೆ. ಮಳೆಗಾಲದಲ್ಲಿ ಒಗೆದ ಸೀರೆ ಒಣಗದಿದ್ದ ದಿನ ಅದನ್ನು ಉಟ್ಟು ಅಡಿಗೆ, ಪೂಜೆ. ಉಣ್ಣೆಗೆ ಮೈಲಿಗೆ ಬೇಗ ತಟ್ಟುವುದಿಲ್ಲವೆಂದು ಅದನ್ನು ಒಗೆಯುವುದೂ ಅಪರೂಪ. ಉಳಿದ ದಿನ ದೇವರ ಮನೆಯ ಕತ್ತಲ ಮೂಲೆಯ ಬೆತ್ತದ ಪೆಟ್ಟಿಗೆಯಲ್ಲಿ ಅದರ ವಾಸ. ಅದನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಹುಡುಗನಿದ್ದಾಗ ಒಮ್ಮೆ ಬೆರಳು ತಾಗಿಸಿ ಬೆನ್ನಿಗೆ ಗುದ್ದು ತಿಂದ ಮೇಲೆ ನಾನು ಅದರ ಹತ್ತಿರ ಹೋಗಿರಲಿಲ್ಲ.

ಯಾರೂ ಎಂದೆನಲ್ಲ, ಚಂಪಿಯನ್ನು ಬಿಟ್ಟು. ಚಂಪಿ ನಮ್ಮ ಬೆಕ್ಕು. "ಬೆಕ್ಕಿಗೆ ಮೈಲಿಗಿ ಇಲ್ಲೋ ಶಾಮ್ಯಾ," ಎನ್ನುತ್ತಿದ್ದಳು ಗೋದತ್ತಿ. ಬಿ.ಎಸ್ಸಿ. ಆದ ಸೋದರಳಿಯನಿಗಿಲ್ಲದ ಅಧಿಕಾರ ಇಲಿ ತಿಂದು ಬಂದ ಬೆಕ್ಕಿಗೆ ಹೇಗೆ ಬಂತೆಂದು ನಾನು ಹಲವು ಸಲ ವಾದಿಸಿ ಸೋತಿದ್ದೇನೆ. ಚಂಪಿ ಆ ಪೆಟ್ಟಿಗೆಯ ಮುಚ್ಚಳ ಸರಿಸಿ, ಧಾಬಳಿಯ ಮೇಲೆ ಸುರುಳಿಯಾಗಿ ಮಲಗಿ, ಸಂದಿಯಿಂದ ನನ್ನತ್ತ ಒಂದು ಕಣ್ಣು ತೆರೆದು ನೋಡುತ್ತಿದ್ದಳು. ಕತ್ತಲು, ಉಣ್ಣೆ, ಬೆಕ್ಕಿನ ಕೂದಲು, ಯಾರೂ ಮುಟ್ಟಬಾರದೆಂಬ ಕಟ್ಟಪ್ಪಣೆ. ನುಸಿಗಳಿಗೆ ಇನ್ನೇನು ಬೇಕು?

ಧಾಬಳಿಯನ್ನು ಬಿಸಿಲಿಗೆ ಹಾಕೆಂದರೆ ಗೋದತ್ತಿ ಒಪ್ಪಲಿಲ್ಲ. ಅಂಗಳದಲ್ಲಿ ಹೋಗಿಬರುವವರು ತಾಗಿಸಿದರೆ? ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಮುಟ್ಟಿದರೆ ತಾನೇ ಮೈಲಿಗೆ, ಮೇಲಿಂದ ಉದುರಿಸಿದರೆ? ಏಕಾದಶಿಯ ದಿನ ಗೋದತ್ತಿ ಹೊಳೆಗೆ ಸ್ನಾನಕ್ಕೆ ಹೋದಾಗ ಬಜಾರದಿಂದ ನುಸಿ ಓಡಿಸುವ ಡಾಂಬರ ಗುಳಿಗೆಯ ಪೊಟ್ಟಣ ತಂದೆ. ಮುಚ್ಚಳವನ್ನು ಕೋಲಿನಿಂದ ಎತ್ತಿ, ಮಾರುದೂರ ನಿಂತು, ಪೊಟ್ಟಣವನ್ನೆಲ್ಲ ಧಾಬಳಿಯ ಮೇಲೆ ಸುರಿದೆ. ಶಾಸ್ತ್ರಕ್ಕೂ ಧಕ್ಕೆಯಿಲ್ಲ, ವಿಜ್ಞಾನಕ್ಕೂ ಜಯ. ಆ ರಾಜಿಸೂತ್ರದ ಹೆಮ್ಮೆಯಲ್ಲಿ ನಾನು ಚಂಪಿಯನ್ನು ಮರೆತೆ. ವಾಸನೆಯೇನೂ ಗೋದತ್ತಿಗೆ ತಿಳಿಯಲಿಲ್ಲ. ನಲವತ್ತು ವರ್ಷ ತಪಕೀರು ಏರಿಸಿದ ಮೂಗು ಅದು, ನಶ್ಯದ ಹೊರತು ಬೇರೆ ವಾಸನೆಗೆ ಒಲಿಯುತ್ತಿರಲಿಲ್ಲ.

ಮರುದಿನ ದ್ವಾದಶಿ. ಹಿಂದಿನ ದಿನವೆಲ್ಲ ನೀರು ಕೂಡ ಮುಟ್ಟದ ಗೋದತ್ತಿಗೆ, ಪಾರಣೆಗೆ ಕೂಡುವ ಮೊದಲು ಚಂಪಿಗೆ ಹಾಲು ಹಾಕುವುದು ರೂಢಿ. ಬಟ್ಟಲು ಹಿಡಿದು ಹೋದವಳು ಕೂಗಿಕೊಂಡಳು: "ಶಾಮ್ಯಾ! ಬಾರೋ, ಚಂಪಿ ಬಾಯಾಗ ನೊರಿ ಬರ್ಲಿಕ್ಕತ್ತದ!"

ಪೆಟ್ಟಿಗೆಯ ಸುತ್ತ ಗುಳಿಗೆಗಳು ಗೋಲಿಗಳ ಹಾಗೆ ಹರಡಿದ್ದವು. ರಾತ್ರಿ ಅವುಗಳೊಡನೆ ಆಡಿ, ಒಂದನ್ನು ಕಡಿದೂ ಇದ್ದಳು ಚಂಪಿ. ಹಿಂಗಾಲು ತಡವರಿಸುತ್ತಿದ್ದವು. ನನಗೆ ಎಲ್ಲವೂ ತಿಳಿಯಿತು. ಬಾಯಿ ಬಿಡುವ ಬದಲು ಗುಳಿಗೆಗಳನ್ನು ಕಾಲಿನಿಂದ ಮೆಲ್ಲಗೆ ಮೂಲೆಗೆ ಸರಿಸಿದೆ. ಈ ಕಥೆಯಲ್ಲಿ ನನಗೆ ಇಂದಿಗೂ ನಾಚಿಕೆ ತರುವುದು ಆ ಕಾಲು.

ಮಲ್ಲಪ್ಪ ಮಗ್ಗ ನಿಲ್ಲಿಸಿ ಟಾಂಗಾ ತಂದ. ಆಗ ಗೋದತ್ತಿ ಮಾಡಿದ್ದನ್ನು ನೋಡಿ ನಾನೂ ಸುಮಿತ್ರಾಳೂ ಬೆರಗಾದೆವು. ಸರಕ್ಕನೆ ಧಾಬಳಿ ಎಳೆದು, ಅದರಲ್ಲಿ ಚಂಪಿಯನ್ನು ಸುತ್ತಿ ಎದೆಗವಚಿಕೊಂಡು, ಪಾರಣೆಯ ಎಲೆಯನ್ನು ಹಾಗೇ ಬಿಟ್ಟು, ಟಾಂಗಾ ಹತ್ತಿ ಕೂತಳು. ಬಜಾರದ ನಡುವೆ ಹಾಯ್ದು ದನದ ದವಾಖಾನೆಗೆ ಹೋದೆವು. ಎಮ್ಮೆಗಳ ಸಾಲಿನಲ್ಲಿ, ಸೆಗಣಿಯ ನೆಲದ ಮೇಲೆ, ನಮ್ಮ ಗೋದತ್ತಿ ಕೂತಿದ್ದಳು.

ಡಾಕ್ಟರು ಬಗ್ಗಿ ಮೂಸಿದವರೇ ಹೌಹಾರಿದರು. "ಮೊದಲ ಈ ಅರಿವಿ ತಗೀರಿ! ವಿಷ ಇದರಾಗನ ಐತಿ. ಡಾಂಬರ ಗುಳಿಗಿ ಯಾರ ಹಾಕ್ಯಾರ ಇದಕ?"

"ಇದನ್ನ ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ರಿ," ಎಂದಳು ಗೋದತ್ತಿ.

"ನಾನೂ ಮುಟ್ಟಿಲ್ಲ..." ಎಂದೆ. "ಮ್ಯಾಲಿಂದ ಹಾಕೀನಿ."

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ ಕೆಲಸಾ ಮಾಡ್ತೀರಿ?"

"ಸಾಲ್ಯಾಗ ವಿಜ್ಞಾನ ಕಲಸ್ತೀನ್ರಿ."

ಡಾಕ್ಟರು ಚಂಪಿಯತ್ತ ತಿರುಗಿದರು. ಹಾಲು, ಎಣ್ಣೆ ಬಾಯಿಗೆ ಹಾಕಲೇಬೇಡಿ, ವಿಷ ಇನ್ನೂ ಬೇಗ ಏರುತ್ತದೆ ಎಂದು ಎಚ್ಚರಿಸಿ ಸೂಜಿ ಮಾಡಿದರು. ಗೋದತ್ತಿ ಧಾಬಳಿಯನ್ನು ನನ್ನ ಎದೆಗೆ ಒಗೆದು "ಹಿಡಿ" ಎಂದಳು. ಬುದ್ಧಿ ಬಂದಾಗಿನಿಂದ ದೂರವಿಟ್ಟಿದ್ದ ವಸ್ತು ಹೀಗೆ ನನ್ನ ಕೈಗೆ ಬಂತು. ಬಿಡಿಸಿ ನೋಡಿದರೆ ಜರಡಿಯಷ್ಟು ತೂತು. ಮಡಿಕೆಯ ಸಂದಿನಲ್ಲಿ ಬೆಳ್ಳಗಿನ ಮರಿಹುಳಗಳು, ಗುಳಿಗೆಗೆ ಕ್ಯಾರೇ ಎನ್ನದೆ, ಊಟ ನಡೆಸಿದ್ದವು. ಆ ಹೊತ್ತಿಗೆ ಹದಿನೆಂಟು ವರ್ಷ ಚಿತ್ರ ತೆಗೆದವನು ಅವನ್ನು ಜೀವಂತ ನೋಡಿದ್ದು ಅದೇ ಮೊದಲು.

ಎರಡು ದಿನ ಚಂಪಿ ಏಳಲಿಲ್ಲ. ಗೋದತ್ತಿ ನನ್ನೊಡನೆ ಮಾತಾಡಲಿಲ್ಲ, ಬೈಯಲೂ ಇಲ್ಲ. ನಾನು ರಜೆ ಹಾಕಿ ಚಮಚೆಯಿಂದ ನೀರು ಹನಿಸುತ್ತ ಕೂತೆ. ಮೂರನೆಯ ದಿನ ಮುಂಜಾನೆ ಚಂಪಿ ನನ್ನ ಕಿರುಬೆರಳು ಪರಚಿದಳು. ರಕ್ತ ಬಂತು. ಅದನ್ನು ನೋಡಿ ನಾನು ಸಣ್ಣ ಹುಡುಗನ ಹಾಗೆ ಅತ್ತೆ.

ಧಾಬಳಿ ಹೇಗೂ ಊರೆಲ್ಲ ಸುತ್ತಿ ಬಂದಿತ್ತು. ಇನ್ನು ಮುಚ್ಚಿಡಲು ಏನಿತ್ತು? ಅಂಟುವಾಳದ ನೊರೆಯಲ್ಲಿ ಒಗೆದೆವು. "ಉಣ್ಣಿ ಅರಿವಿ ಕತ್ತಲಾಗ ಇಟ್ರ ಹುಳಕ್ಕ ಮನಿ ಕಟ್ಟಿ ಕೊಟ್ಟಂಗ್ರಿ. ಝಾಡಸ್ರಿ, ಬಿಸಲಿಗೆ ಹಾಕ್ರಿ," ಎಂದು ಮಲ್ಲಪ್ಪ ತಾನೇ ಒಂದು ತುದಿ ಹಿಡಿದು ಕೊಡವಿದ. ದೊಡ್ಡ ತೂತುಗಳಿಗೆ ಎಳೆ ಸೇರಿಸಿಯೂ ಕೊಟ್ಟ. ಪೆಟ್ಟಿಗೆ, ಮೂಲೆ, ಸಂದಿಗಳನ್ನೆಲ್ಲ ಗುಡಿಸಿ ಬಳಿದು, ಧಾಬಳಿಯನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟೆವು. ಹದಿನೈದು ದಿನಕ್ಕೊಮ್ಮೆ ಬಿಸಿಲು. ನುಸಿ ಹೋದವು. ಗುಳಿಗೆ ಬೇಕಾಗಲಿಲ್ಲ, ಚಪ್ಪಾಳೆಯೂ ಬೇಕಾಗಲಿಲ್ಲ.

ಎಷ್ಟೋ ಕೈ ಮುಟ್ಟಿದ ಧಾಬಳಿಯನ್ನು ಇನ್ನು ಗೋದತ್ತಿ ಉಡುವಳೇ ಎಂದು ನನಗೆ ಅನುಮಾನವಿತ್ತು. ಮುಂದಿನ ಮಳೆಯ ದಿನ ಉಟ್ಟೇ ಬಂದಳು. ನಾನು ನೋಡುತ್ತಿದ್ದುದನ್ನು ಕಂಡು ತಾನೇ ಮಾತು ತೆಗೆದಳು: "ಬೆಕ್ಕು ಮುಟ್ಟಿದ್ದಕ್ಕ ಮೈಲಿಗಿ ಇಲ್ಲಂದ್ರ, ಬೆಕ್ಕಿನ ಸಲುವಾಗಿ ಮುಟ್ಟಿದ್ದಕ್ಕೂ ಇಲ್ಲೋ."

ಕ್ಷಮೆ ಸಿಕ್ಕಿತೆಂದು ಹಿಗ್ಗಿ, ಚಂಪಿಗೆ ಹಾಲು ಹಾಕಲು ಬಟ್ಟಲಿಗೆ ಕೈ ಹಾಕಿದೆ.

"ಏ! ದೂರ ನಿಂದರು," ಎಂದಳು ಗೋದತ್ತಿ. "ಧಾಬಳಿ ಬೇಕಾದ್ರ ದಿನಾ ಮುಟ್ಟು. ಚಂಪಿ ಬಟ್ಟಲ ಮಾತ್ರ ನೀ ಮುಟ್ಟಬ್ಯಾಡ."