ತೊಲೆಯೊಳಗಿನ ಮೂರು ಗೆರೆ

ಗವಿಸಿದ್ದಪ್ಪನ ಕೈಯಲ್ಲಿ ಪಾಸಾಗುವುದೆಂದರೆ ಸಾಮಾನ್ಯದ ಮಾತಾಗಿರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದಷ್ಟು ಕಾಲವೂ ಅವನು ಬಿಗಿದ ಬೋಲ್ಟನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಇನ್ನೊಬ್ಬರು ಬಿಗಿದದ್ದನ್ನು ಅವನು ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದರೂ ಸಾಕು, ಉಣ್ಣುತ್ತಿದ್ದವನು ಎಡಗೈಯಿಂದ ಸರಿಮಾಡಿ ಬಂದೇ ಮುಂದಿನ ತುತ್ತು. "ನನ್ನನ್ನ ಹೆಂಗ ಪಾಸ್ ಮಾಡಿದ್ರೋ ಆ ಬಸವಣ್ಣಗೇ ಗೊತ್ತು" ಎಂದು ಹೆಂಡತಿ ವೀರಭದ್ರಮ್ಮ ನಗುತ್ತಿದ್ದಳು.

ಇಂಥ ಮನುಷ್ಯ ಕೆಲಸ ಬಿಟ್ಟ ವರ್ಷ, ಕುರುಗೋಡಿನ ಅವನ ಮನೆ ಮುಂದೆ ಲಾರಿಯೊಂದು ನಿಂತು ಉದ್ದುದ್ದನೆಯ ಪೆಟ್ಟಿಗೆಗಳನ್ನು ಇಳಿಸಿತು. ಎದುರು ಮನೆಯ ಎರ್ರಣ್ಣ ಹಲ್ಲುಜ್ಜುತ್ತಲೇ ಬಂದ.

"ಏನಪ್ಪೋ, ಮಂಚ ತರ್ಸೀಯೇನು?"

"ಇಮಾನ. ಬಿಡಿ ಬಿಡಿ ಬಂದೈತಿ. ಮನಿಯಾಗ ಜೋಡಿಸ್ತೀನಿ."

ಎರ್ರಣ್ಣ ಬಾಯಿ ಮುಕ್ಕಳಿಸಿ ಉಗುಳಿ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು. ಅದರ ಬದಲಿ ಒಂದು ಟ್ರ್ಯಾಕ್ಟರ್ ತರಬಾರದಿತ್ತೇನು?" ಅಂದ. ಊರೆಲ್ಲ ಅದನ್ನೇ ಅಂದಿತು. ಜೀವನವಿಡೀ ಬೇರೆಯವರ ಯಂತ್ರ ರಿಪೇರಿ ಮಾಡಿದವನಿಗೆ ಒಂದು ಯಂತ್ರವನ್ನಾದರೂ ಮೊದಲ ಮೊಳೆಯಿಂದ ತನ್ನ ಕೈಯಾರೆ ಕಟ್ಟಬೇಕೆಂಬ ಆಸೆ ಇರುತ್ತದೆ ಎಂದು ಊರಿಗೆ ಹೇಗೆ ಗೊತ್ತಾಗಬೇಕು? ವೀರಭದ್ರಮ್ಮನಿಗೆ ಗೊತ್ತಿತ್ತು. ಪೆಟ್ಟಿಗೆ ತರಿಸುವ ಮೊದಲೇ ಅವಳು ಒಂದು ಕರಾರು ಹಾಕಿದ್ದಳು.

"ಎರಡು ಸೀಟಿಂದ ತರಸ್ರಿ. ನೀವೊಬ್ರ ಹಾರಿ ಹೋದ್ರ ನಾ ಏನು ಕೆಳಗ ನಿಂತು ಟಾಟಾ ಮಾಡ್ಲೇನು? ನಮ್ಮ ತವರು ರಾರಾವಿ ಮ್ಯಾಲಿಂದ ಹೆಂಗ ಕಾಣ್ತೈತಿ, ಒಂದ್ಸಲ ನೋಡಬೇಕು ನಾನು."

ಹೀಗೆ ಎರಡು ಸೀಟಿನ ಮರದ ವಿಮಾನ ಬಂತು. ಪರವಾನಗಿಗಾಗಿ ಅಲೆದಾಟ, ಹಾರಿಸುವುದನ್ನು ಕಲಿಯಲು ಹೊರಗೂರಿನ ಓಡಾಟ ಒಂದು ಕಡೆ. ಕಟ್ಟುವ ಕೆಲಸ ಇನ್ನೊಂದು ಕಡೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮೊದಲು ಮೆಣಸಿನಕಾಯಿ ತುಂಬುತ್ತಿದ್ದರು. ಎಷ್ಟು ತೊಳೆದರೂ ಘಾಟು ಹೋಗಲೊಲ್ಲದು. ಗಂಡಹೆಂಡತಿ ಸರದಿಯ ಮೇಲೆ ಸೀನುತ್ತಾ ಗೋಡೆ, ಜಂತಿ, ನೆಲ ಎಲ್ಲ ತಿಕ್ಕಿದರು. ದೂಳಿನ ಒಂದು ಕಣ ಇದ್ದರೂ ಅಂಟು ಹಿಡಿಯುವುದಿಲ್ಲ ಎಂಬುದು ಗವಿಸಿದ್ದಪ್ಪನ ಜಪವಾಗಿತ್ತು.

ಈ ವಿಮಾನ ನಿಲ್ಲುವುದೇ ಅಂಟಿನ ಮೇಲೆ. ಮರವನ್ನು ಎಮ್ರಿ ಹಾಳೆಯಿಂದ ಉಜ್ಜಬೇಕು, ಸ್ಪಿರಿಟ್ಟಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರೂ ಸಾಕು ಕೆಡಿಸಲು. ವೀರಭದ್ರಮ್ಮ ಎಣ್ಣೆ ಹಚ್ಚಿದ ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದಳು. ಅಂಟು ಕಲಸಿದಾಗಲೆಲ್ಲ ಗವಿಸಿದ್ದಪ್ಪ ಎರಡು ಚೂರು ಮರವನ್ನೂ ಅದರಲ್ಲೇ ಅಂಟಿಸಿಡುತ್ತಿದ್ದ. ಒಣಗಿದ ಮೇಲೆ ಅದನ್ನು ಸುತ್ತಿಗೆಯಿಂದ ಒಡೆಯುವುದು. ಮರ ಸೀಳಿದರೆ ಪಾಸು, ಅಂಟು ಬಿಟ್ಟರೆ ಫೇಲು. ಒಡೆಯುವ ಕೆಲಸ ವೀರಭದ್ರಮ್ಮನದು. ಮರ ಸೀಳಿದಾಗ ಅವಳಿಗಾಗುತ್ತಿದ್ದ ಸಂಭ್ರಮ ನೋಡಬೇಕಿತ್ತು, "ಪಾಸ್ ರೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಆ ಮನೆಯಲ್ಲಿ ಅಷ್ಟು ಸುಖದ ದಿನಗಳು ಹಿಂದೆಂದೂ ಬಂದಿರಲಿಲ್ಲ ಎಂದೇ ಹೇಳಬೇಕು.

ರೆಕ್ಕೆಯ ಮುಖ್ಯ ತೊಲೆಯನ್ನು ಕೂಡಿಸುವ ದಿನ ಬಂತು. ವಿಮಾನದ ಭಾರವೆಲ್ಲ ಹೊರುವುದು ಅದೇ. ಗವಿಸಿದ್ದಪ್ಪ ಎರಡೂ ತುಂಡುಗಳನ್ನು ಉಜ್ಜಿ, ಒರೆಸಿ, ಬಟ್ಟೆ ಮುಚ್ಚಿಟ್ಟ. "ಇಂಥಾ ದೊಡ್ಡ ಕೆಲಸ, ಜಳಕ ಮಾಡಿ ಲಿಂಗಪೂಜಿ ಮುಗಿಸಿ ಬರ್ರಿ" ಎಂದು ಅವಳೇ ಅವನನ್ನು ಒಳಗೆ ಅಟ್ಟಿದಳು. ವೀರಭದ್ರಮ್ಮನ ಪೂಜೆ ಮುಗಿದಿತ್ತು. ಅವಳ ವಿಭೂತಿ ಹಣೆಗಷ್ಟೇ ನಿಲ್ಲುವಂಥದ್ದಲ್ಲ. ಒಲೆಗೆ, ಬೀಸುವ ಕಲ್ಲಿಗೆ, ಗಂಡನ ಬೈಕಿಗೆ, ಹೊಸ್ತಿಲಿಗೆ, ಎಲ್ಲಕ್ಕೂ ದಿನವೂ ಮೂರು ಬೆರಳಿನ ಮೂರು ಗೆರೆ. ಈ ಮನೆ ಕಟ್ಟಿಸುವಾಗ ಹೊಸ್ತಿಲ ಕೆಳಗೂ ಪೂಜೆ ಮಾಡಿ ಮುಚ್ಚಿಸಿದವಳು ಅವಳೇ. ಕಾಯುವಂಥದ್ದು ಒಳಗಿರಬೇಕು, ಕಣ್ಣಿಗೆ ಬೀಳಬಾರದು ಎಂಬುದು ಅವಳ ತಿಳಿವಳಿಕೆ. ಕೈಗವಸು ತೆಗೆದಳು. ಬಟ್ಟೆ ಸರಿಸಿದಳು. ತೊಲೆ ಕೂಡುವ ಮುಖದ ಮೇಲೆ ವಿಭೂತಿ ಎಳೆದು, ಕೈ ಮುಗಿದು, ಬಟ್ಟೆಯನ್ನು ಮೊದಲಿನಂತೆಯೇ ಮುಚ್ಚಿದಳು.

ಗವಿಸಿದ್ದಪ್ಪ ಬಂದವನೇ ಅಂಟು ಕಲಸಿದ. ಅಂಟು ಕಾಯುವುದಿಲ್ಲ, ಬೇಗ ಬಿಗಿಯುತ್ತದೆ. ಒಂದು ತುಂಡಿಗೆ ಬಳಿದು, ಇನ್ನೊಂದರ ಬಟ್ಟೆ ತೆಗೆದು ಮೇಲೆ ಕೂಡಿಸಿ, ಕ್ಲ್ಯಾಂಪುಗಳನ್ನು ಸಾಲಾಗಿ ಬಿಗಿದ. ಬೆಳ್ಳನೆಯ ಮರದ ಮೇಲೆ ಬೆಳ್ಳನೆಯ ಬೂದಿ ಅವನ ಕಣ್ಣಿಗೆ ಬೀಳಲಿಲ್ಲ. ಅಂಚಿನಿಂದ ಹೊರಗೆ ಒಸರಿದ ಅಂಟು ಒಂದು ಕಡೆ ಕಲಕಿದ ಮಜ್ಜಿಗೆಯಂತೆ ಕಂಡಾಗಲೇ ಅವನ ಕೈ ನಿಂತದ್ದು.

"ಇದೇನಿದು?"

"ವಿಭೂತಿ ರೀ" ಅಂದಳು ವೀರಭದ್ರಮ್ಮ, ಮುಖವರಳಿಸಿ. "ಒಳಗ ಇಟ್ಟೀನಿ. ಇನ್ನ ಯಾರ ದೃಷ್ಟಿನೂ ತಾಕಂಗಿಲ್ಲ."

ಆಮೇಲೆ ಗವಿಸಿದ್ದಪ್ಪ ಆಡಿದ್ದನ್ನು ಪೂರ್ತಿ ಬರೆಯಲು ಮನಸ್ಸಿಲ್ಲ. "ತೊಲಿಯಾಗ ಬೂದಿ ಹಾಕಿದ್ಯಲ್ಲೇ! ನನ್ನ ಸಾವು ಇಟ್ಟಿ ನೀನು ಇದರಾಗ. ದಡ್ಡಿ, ಎಷ್ಟು ಸಲ ಹೇಳಿದ್ದೆ? ನಿನ್ನ ಕೈ ತಾಕಿದ್ದೆಲ್ಲಾ ಹಿಂಗ ಆತು. ಇನ್ನ ಈ ಶೆಡ್ನಾಗ ಕಾಲಿಡಬ್ಯಾಡ!" ಎಂಬುದು ಅದರಲ್ಲಿ ಮೆತ್ತಗಿನ ಭಾಗ. ಅವನು ಅರಚುತ್ತಲೇ ಇದ್ದ. ಅಂಟು ಬಿಗಿಯುತ್ತಲೇ ಇತ್ತು. ಆ ಹೊತ್ತಿನಲ್ಲಿ ಬಾಯಿ ಮುಚ್ಚಿ ಕ್ಲ್ಯಾಂಪು ಬಿಚ್ಚಿದ್ದರೆ ಹಸಿ ಅಂಟು ಒರೆಸಿ ಮತ್ತೆ ಕೂಡಿಸಬಹುದಿತ್ತು. ಅಷ್ಟು ನಾಜೂಕಿನ ಫಿಟ್ಟರನಿಗೆ ಅದು ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ತೊಲೆ ಒಂದಾಗಿತ್ತು, ವೀರಭದ್ರಮ್ಮ ಕೈಗವಸುಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಹೊರಗೆ ಹೋಗಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಶೆಡ್ಡಿನೊಳಗೆ ಬರಲಿಲ್ಲ. ಚಹಾ ತಂದರೆ ಬಾಗಿಲಲ್ಲೇ ಇಟ್ಟು, "ಚಾ ರೀ" ಎಂದು ತಿರುಗುತ್ತಿದ್ದಳು. ಮುನಿಸಲ್ಲ, ಉಳಿದೆಲ್ಲ ಮಾತು, ನಗು ಮೊದಲಿನಂತೆಯೇ ಇತ್ತು. ಬಾ ಎಂದು ಕರೆಯಬೇಕೆಂದು ಅವನಿಗೆ ದಿನವೂ ಅನ್ನಿಸುತ್ತಿತ್ತು, ದಿನವೂ ಬಾಯಿ ಕಟ್ಟುತ್ತಿತ್ತು. ಒಮ್ಮೆ ರಾರಾವಿಯ ಮೇಲೆ ಹಾರಿಸಿಕೊಂಡು ಹೋದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ವಿಭೂತಿ ಎಳೆದ ಚೂರುಗಳನ್ನು ಅಂಟಿಸಿ, ಒಣಗಿಸಿ, ತಾನೇ ಒಡೆದು ನೋಡಿದ. ಮರ ಸೀಳಲಿಲ್ಲ, ಅಂಟು ಬಿಟ್ಟಿತು. ತಾನು ಹೇಳಿದ್ದೇ ಸರಿ ಎಂದು ಸಾಬೀತಾಗಿತ್ತು. ಆದರೆ ಒಳಗೆ ಹೋಗಿ ಅದನ್ನು ಹೇಳುವ ಮನಸ್ಸಾಗಲಿಲ್ಲ. ತೊಲೆಯನ್ನು ಅಂಟಿನ ಸಂದಿಯಲ್ಲಿ ಕಡಿದು ಮತ್ತೆ ಕೂಡಿಸುವುದನ್ನು ಮುಂದಕ್ಕೆ ಹಾಕಿ ಬಾಲದ ಕೆಲಸ ಹಿಡಿದ.

ವೀರಭದ್ರಮ್ಮನಿಗೆ ಹೊಟ್ಟೆನೋವು ಶುರುವಾದದ್ದು ಆ ಬೇಸಗೆಯಲ್ಲಿ. ಜೀರಿಗೆ ಕಷಾಯ, ಮಜ್ಜಿಗೆ ಎಂದು ದಿನ ದೂಡಿದಳು. ಸಿರುಗುಪ್ಪದಿಂದ ಮಗಳು ಸೌಂದರ್ಯ ಬಂದು ಹಟ ಹಿಡಿದು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ರೋಗ ಕೈಮೀರಿತ್ತು. ಡಾಕ್ಟರು ಗವಿಸಿದ್ದಪ್ಪನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ಯಂತ್ರದಲ್ಲಿ ಎಲ್ಲಿ ಸಡಿಲಾಗಿದೆ ಎಂದು ಶಬ್ದದಲ್ಲೇ ಗುರುತಿಸುತ್ತಿದ್ದ ಮನುಷ್ಯ, ಜೊತೆಗೆ ಮಲಗುತ್ತಿದ್ದ ಜೀವದ ನರಳಾಟ ಕೇಳಿಸಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದು, "ಆ ತೊಲಿ ಕಡದ್ರೇನು?" ಎಂದಳು.

"ಅದು ಗಟ್ಟಿ ಐತಿ ಈರಮ್ಮ. ಪರೀಕ್ಷಾ ಮಾಡೀನಿ. ಪಾಸ್ ಆಗೈತಿ."

"ನಿಮಗ ಸುಳ್ಳು ಹೇಳಾಕ ಬರಂಗಿಲ್ಲ, ಸುಮ್ನಿರ್ರಿ." ಸ್ವಲ್ಪ ಹೊತ್ತು ದಣಿವಾರಿಸಿಕೊಂಡಳು. "ನಿಮ್ಮನ್ನ ಕಾಯಲಿ ಅಂತ ಇಟ್ಟೆ, ಕೆಡವಾಕಲ್ಲ. ಕಡದು, ತಿಕ್ಕಿ, ಛಲೋತ್ನ್ಯಾಗಿ ಕೂಡಸ್ರಿ. ನಾ ಇರಲಿ ಬಿಡಲಿ, ರಾರಾವಿ ಮ್ಯಾಲ ಒಂದ್ಸಲ ಹೋಗಿ ಬರ್ರಿ. ಆಣಿ ಮಾಡ್ರಿ."

ಅವನು ಅವಳ ಅಂಗೈ ಮೇಲೆ ಕೈಯಿಟ್ಟ. "ಮನಿಗೆ ಹೋದ ಮ್ಯಾಲ ಶೆಡ್ಡಿಗೆ ಬಾ ಲೇ. ನೀ ಇಲ್ದ ಕೆಲಸ ಸಾಗವಲ್ದು" ಎಂದ.

"ಚಪ್ಪಲಿ ಹೊರಗ ಬಿಟ್ಟು ಬರ್ತೀನಿ" ಎಂದು ವೀರಭದ್ರಮ್ಮ ನಕ್ಕಳು. ಅವಳು ಮನೆಗೆ ಬಂದದ್ದು ಉಸಿರು ನಿಂತ ಮೇಲೆ.

ಶಿವಗಣಾರಾಧನೆಯೆಲ್ಲ ಮುಗಿದು ನೆಂಟರು ಹೋದ ಮೇಲೆ ಗವಿಸಿದ್ದಪ್ಪ ಶೆಡ್ಡಿನ ಬೀಗ ತೆಗೆದ. ಉಳಿದುಕೊಂಡಿದ್ದ ಸೌಂದರ್ಯ ಹಿಂದೆಯೇ ಬಂದಳು. ತೊಲೆಯ ಸಂದಿಗೆ ತೆಳ್ಳನೆಯ ಉಳಿ ಇಟ್ಟು ಒಂದೊಂದೇ ಪೆಟ್ಟು ಹಾಕಿದ. ಅಂಚಿನಲ್ಲಿ ಮರ ಅಷ್ಟಿಷ್ಟು ಸೀಳಿತು. ನಡುವೆ ಬಂದಾಗ ಸಲೀಸಾಗಿ ಬಿಟ್ಟುಕೊಂಡಿತು. ಒಳಗೆ ಮೂರು ಗೆರೆ ಇದ್ದವು. ಶುರುವಿನಲ್ಲಿ ಬೆರಳು ಒತ್ತಿದ್ದು ಕೂಡ ಅಂಟಿನಲ್ಲಿ ಹಾಗೆಯೇ ಹಿಡಿದಿತ್ತು, ನಡುಬೆರಳಿನದು ತುಸು ಆಳವಾಗಿ.

ಸೌಂದರ್ಯ ಬಾಯಿಗೆ ಸೆರಗು ಒತ್ತಿಕೊಂಡಳು. "ಹಂಗ ಬಿಡಪ್ಪಾ. ಇಮಾನ ಹಾರದಿದ್ರ ಹಾರವಲ್ದ್ಯಾಕ."

"ನಿಮ್ಮವ್ವನ ಮುಂದ ಆಣಿ ಮಾಡೀನಿ" ಅಂದ ಗವಿಸಿದ್ದಪ್ಪ.

ಎಮ್ರಿ ಹಾಳೆ ತೆಗೆದುಕೊಂಡು ಉಜ್ಜಲು ಕೂತ. ಕೈ ಕೆಲಸ ಮರೆತಿರಲಿಲ್ಲ. ಮರದ ಎಳೆಗುಂಟ, ಒಂದೇ ಹದದಲ್ಲಿ ಓಡಿತು. ಮೇಲಿನ ಗೆರೆ ಹೋಯಿತು, ಕೆಳಗಿನದೂ ಹೋಯಿತು. ನಡುಬೆರಳಿನ ಗುರುತು ಕೊನೆಯವರೆಗೂ ಉಳಿಯಿತು, ಅದಕ್ಕೆ ಇನ್ನಷ್ಟು ಉಜ್ಜಬೇಕಾಯಿತು. ಆಮೇಲೆ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಬೇರೆ ಬಟ್ಟೆ ತೆಗೆದುಕೊಂಡ. ಒರೆಸಿದ ಬಟ್ಟೆ ಬೆಳ್ಳಗೇ ಉಳಿಯುವ ತನಕ ಬಿಡಲಿಲ್ಲ.

ಸೌಂದರ್ಯ ತಾಯಿಯ ಕೈಗವಸು ತೊಟ್ಟು ತೊಲೆಯ ಇನ್ನೊಂದು ತುಂಡನ್ನು ಎತ್ತಿ ಹಿಡಿದಳು. ಅವನು ಅಂಟು ಕಲಸಿದ, ಕುಂಚ ಅದ್ದಿದ. ಮರದ ಕಡೆ ನೋಡಿದ. ಇಷ್ಟು ಚೊಕ್ಕ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಅಲ್ಲಿ ಯಾರೂ ಯಾವತ್ತೂ ಕೈಯಿಟ್ಟೇ ಇಲ್ಲ ಅನ್ನುವಂತಿತ್ತು.

"ಹಚ್ಚಪ್ಪಾ, ಬಿಗೀತೈತಿ" ಅಂದಳು ಮಗಳು.

ಗವಿಸಿದ್ದಪ್ಪ ಕುಂಚವನ್ನು ಬಟ್ಟಲಿಗೇ ಬಿಟ್ಟ. ಕೈಗವಸು ಕಿತ್ತೆಸೆದು, ಬೆವೆತ ಬರಿ ಅಂಗೈಯನ್ನು ಆ ಮರದ ಮೇಲೆ ಊರಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಡಕಿದ. "ಎಲ್ಲಿತ್ತವ್ವಾ? ಇಲ್ಲೇ ಅಲ್ಲೇನು? ಇಲ್ಲೇ ಇತ್ತು" ಎನ್ನುತ್ತಾ ಎಳೆಯ ಕೂಸಿನಂತೆ ಅತ್ತ. ಸೌಂದರ್ಯ ತೊಲೆಯನ್ನು ನೆಲಕ್ಕಿಟ್ಟು ಅಪ್ಪನ ಕೈ ಹಿಡಿಯಲು ಹೋದಳು, ಅವನು ಕೊಡಲಿಲ್ಲ. ಬಟ್ಟಲಲ್ಲಿ ಅಂಟು ತನ್ನಷ್ಟಕ್ಕೇ ಬಿಸಿಯಾಗಿ, ಹೊಗೆಯಾಡಿ, ಕುಂಚದ ಸಮೇತ ಕಲ್ಲಾಯಿತು.